ಆಡುಸೋಗೆ: ಔಷಧಿ ಬಳಕೆ ಮತ್ತು ಎಚ್ಚರಿಕೆ

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನು ಸುಳ್ಳು ಮಾಡುವ ಸೊಪ್ಪು ಆಡುಸೋಗೆ. ಎಲೆ ಅಷ್ಟು ಕಹಿ. ಆಡು, ದನ ಬಾಯಿ ಹಾಕುವುದಿಲ್ಲವೆಂದೇ ಇದನ್ನು ಹೊಲ, ತೋಟ, ಹಿತ್ತಲುಗಳ ಬೇಲಿಗೆ ನೆಡುವ ರೂಢಿಯಿದೆ. ಚನ್ನಗಿರಿ, ನಲ್ಲೂರು ಕಡೆಯ ಅಡಿಕೆ ಸೀಮೆಯವರಿಗೂ ಬಯಲುಸೀಮೆಯವರಿಗೂ ಪರಿಚಿತ ಗಿಡ. ಆಳೆತ್ತರದ ಪೊದೆ, ಉದ್ದನೆಯ ಚೂಪು ತುದಿಯ ಎಲೆ, ನೇರಳೆ ಗೆರೆಗಳಿರುವ ಬಿಳಿ ಹೂವು. ಸಂಸ್ಕೃತದಲ್ಲಿ ವಾಸಾ, ಆಟರೂಷ. ಸಸ್ಯಶಾಸ್ತ್ರದ ಹೆಸರು ಜಸ್ಟಿಸಿಯಾ ಅಧಟೋಡ. ಈ ಎರಡನೆಯ ಪದವೂ ‘ಆಡು ಮುಟ್ಟದ್ದು’ ಎಂಬ ತಮಿಳು ಮಾತಿನಿಂದಲೇ ಬಂದಿದೆ.

ಕೆಮ್ಮು, ಕಫ, ಉಬ್ಬಸಕ್ಕೆ ಆಯುರ್ವೇದದಲ್ಲಿ ಇದಕ್ಕೆ ಮೊದಲ ಸಾಲಿನ ಸ್ಥಾನ. ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ಸಾರದ ಜಾಡು ಹಿಡಿದೇ ಬ್ರೋಮ್‌ಹೆಕ್ಸಿನ್ ಎಂಬ ಕಫ ಕರಗಿಸುವ ಔಷಧಿ ತಯಾರಾಯಿತು. ಇಂದು ಅನೇಕ ಕೆಮ್ಮಿನ ಸಿರಪ್‌ಗಳಲ್ಲಿರುವ ಆಂಬ್ರಾಕ್ಸಾಲ್ ಕೂಡ ಅದೇ ಬಳಗದ್ದು. ಹಸಿ ಎಲೆಯಿಂದ ರಸ ಸುಲಭವಾಗಿ ಬರುವುದಿಲ್ಲ. ಬಿಸಿಗೆ ಬಾಡಿಸಿ ಹಿಂಡುತ್ತಾರೆ. ದೊಡ್ಡವರಿಗೆ ಶಾಸ್ತ್ರೋಕ್ತ ಪ್ರಮಾಣ ದಿನಕ್ಕೆ 10ರಿಂದ 20 ಮಿ.ಲೀ. ಮಾತ್ರ. ಹೆಚ್ಚಾದರೆ ವಾಂತಿ, ಭೇದಿ ಆಗಬಹುದು.

ಜೈನ ಮನೆಗಳಿಗೆ ಇಲ್ಲಿ ಒಂದು ತೊಡಕಿದೆ. ಆಡುಸೋಗೆ ರಸಕ್ಕೆ ಅನುಪಾನವಾಗಿ ಹೇಳುವುದು ಬಹುಪಾಲು ಜೇನುತುಪ್ಪ. ಜೊತೆಗೆ ಹಸಿ ಶುಂಠಿ. ಎರಡನ್ನೂ ಬಿಟ್ಟು ಕಲ್ಲುಸಕ್ಕರೆ ಅಥವಾ ಬೆಲ್ಲ, ಕಾಳುಮೆಣಸು, ಹಿಪ್ಪಲಿ ಬಳಸಬಹುದು. ಅಂಗಡಿಯ ಔಷಧಿ ಕೊಳ್ಳುವಾಗ ಲೇಬಲ್ ಓದಿ: ವಾಸಾವಲೇಹದಲ್ಲಿ ಜೇನು ಇರುತ್ತದೆ, ವಾಸಾರಿಷ್ಟ ಹುದುಗಿಸಿ ಮಾಡಿದ್ದು, ಅದರಲ್ಲಿ ತಾನಾಗಿ ಹುಟ್ಟಿದ ಮದ್ಯಾಂಶವಿರುತ್ತದೆ. ಇದು ನಮ್ಮವರಿಗೆ ಹೊಸ ಚಿಂತೆಯಲ್ಲ. 12ನೇ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ಗ್ರಂಥವನ್ನು ಅನುಸರಿಸಿ ಬರೆದ ಕನ್ನಡ ವೈದ್ಯಗ್ರಂಥ ‘ಕರ್ಣಾಟಕ ಕಲ್ಯಾಣಕಾರಕ’ದ ಚಿಕಿತ್ಸೆಗಳು ಮದ್ಯ, ಮಾಂಸ ಬಿಟ್ಟೇ ರೂಪುಗೊಂಡಿದ್ದವು.

ಜೇನಿಗಿಂತ ದೊಡ್ಡ ಎಚ್ಚರಿಕೆ ಗರ್ಭಿಣಿಯರದ್ದು. ವ್ಯಾಸಿಸಿನ್ ಗರ್ಭಕೋಶವನ್ನು ಸಂಕೋಚಿಸುತ್ತದೆ. ಹಳೆಯ ಸೂಲಗಿತ್ತಿಯರು ಹೆರಿಗೆ ಬೇಗ ಆಗಲೆಂದು ಈ ಗಿಡ ಬಳಸುತ್ತಿದ್ದುದು ಅದಕ್ಕೇ. ಜಮ್ಮುವಿನ ಪ್ರಯೋಗಾಲಯದ ಅಧ್ಯಯನಗಳೂ ಈ ಗುಣವನ್ನು ತೋರಿಸಿವೆ. ಬಸುರಿ ಸೊಸೆಗೆ ಕೆಮ್ಮು ಬಂತೆಂದು ಅತ್ತೆಯವರು ಪ್ರೀತಿಯಿಂದಲೇ ಕುದಿಸಿ ಕೊಡುವ ಕಷಾಯ ಗರ್ಭಕ್ಕೆ ಅಪಾಯ ತರಬಹುದು. ಎಷ್ಟೇ ತಿಂಗಳಾಗಿರಲಿ, ಗರ್ಭಿಣಿಗೆ ಆಡುಸೋಗೆ ಬೇಡ. ಮಗುವಿಗಾಗಿ ಪ್ರಯತ್ನಿಸುತ್ತಿರುವವರೂ ದೂರವಿರುವುದು ಒಳ್ಳೆಯದು. ಎಳೆ ಮಕ್ಕಳಿಗೆ, ಹಾಲೂಡಿಸುವ ತಾಯಂದಿರಿಗೆ ವೈದ್ಯರನ್ನು ಕೇಳದೆ ಕೊಡಬಾರದು. ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತಿರುವವರೂ ಮೊದಲು ತಮ್ಮ ವೈದ್ಯರಿಗೆ ತಿಳಿಸಬೇಕು.

ಕಫದಲ್ಲಿ ರಕ್ತ ಬಂದರೂ ಆಡುಸೋಗೆ ಕೊಡುವುದು ಹಳೆಯ ಪದ್ಧತಿ. ಗ್ರಂಥಗಳಲ್ಲಿ ಅದನ್ನು ರಕ್ತಪಿತ್ತದ ಚಿಕಿತ್ಸೆ ಎನ್ನುತ್ತಾರೆ. ಇಂದು ಮನೆಯಲ್ಲಿ ಅದನ್ನು ಮಾಡುತ್ತಾ ಕೂರಬಾರದು. ರಕ್ತ ಕಂಡ ದಿನವೇ ಆಸ್ಪತ್ರೆಗೆ ಹೋಗಬೇಕು. ಕಷಾಯದಿಂದ ಗಂಟಲು ಹಗುರವಾದರೂ ಒಳಗಿನ ಕ್ಷಯ ವಾಸಿಯಾಗುವುದಿಲ್ಲ, ಮನೆಯ ಇತರರಿಗೂ ಹರಡುತ್ತದೆ. ಎರಡು ವಾರ ಮೀರಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಕಫ ಪರೀಕ್ಷೆ ಉಚಿತ. ಕ್ಷಯವೆಂದು ಗೊತ್ತಾದರೆ ಔಷಧಿಯೂ ಉಚಿತ.