ನೀಲಗಿರಿಯ ಕುಡುಗೋಲು ಕಣ

ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ, ಅದಕ್ಕೆ ಸೋಡಿಯಂ ಮೆಟಾಬೈಸಲ್ಫೈಟ್ ದ್ರಾವಣ, ಮೇಲೊಂದು ಕವರ್ ಗ್ಲಾಸು, ಅಂಚಿಗೆ ವ್ಯಾಸಲೀನು. ಕುಡುಗೋಲು ಕಣ ಕಾಯಿಲೆಯ ಜೀನಿದ್ದರೆ, ಆಮ್ಲಜನಕ ಕಳೆದುಕೊಂಡ ಕೆಂಪುಕಣ ಬಾಗಿ ಕುಡುಗೋಲಾಗುತ್ತದೆ. ಲ್ಯಾಬ್ ಟೆಕ್ನಿಷಿಯನ್ ಆದ ನನಗೆ ಹಿರಿಯರು ಕಲಿಸಿದ್ದು ಹೀಗೆ.

1910ರಲ್ಲಿ ಷಿಕಾಗೋದ ಜೇಮ್ಸ್ ಹೆರಿಕ್ ಈ ಕಣಗಳ ಬಗ್ಗೆ ಬರೆದರು. ರೋಗಿ, ಗ್ರೆನಡಾದಿಂದ ದಂತವೈದ್ಯಕೀಯ ಓದಲು ಬಂದಿದ್ದ ವಾಲ್ಟರ್ ಕ್ಲೆಮೆಂಟ್ ನೋಯೆಲ್. ಕಣ ಮೊದಲು ಕಣ್ಣಿಗೆ ಬಿದ್ದದ್ದು ಹೆರಿಕ್‌ಗಲ್ಲ, ಅವರ ಕೈಕೆಳಗಿದ್ದ ಅರ್ನೆಸ್ಟ್ ಐರನ್ಸ್‌ಗೆ. ಲೇಖನಕ್ಕೆ ಹೆಸರು ಮಾತ್ರ ಹೆರಿಕ್‌ದು. ಸೂಕ್ಷ್ಮದರ್ಶಕದ ಮುಂದೆ ಕೂರುವವರ ಪಾಡು ಆಗಲೂ ಇಷ್ಟೇ!

ಕುಡುಗೋಲು ಕಣ ಆಫ್ರಿಕಾ ಮೂಲದವರದೇ ಕಾಯಿಲೆ ಎಂದು ವೈದ್ಯಲೋಕ ಬಹುಕಾಲ ನಂಬಿತ್ತು. 1952ರಲ್ಲಿ ಸಂಶೋಧಕರಾದ ಲೇಮನ್ ಮತ್ತು ಕಟ್‌ಬುಷ್ ನೀಲಗಿರಿಯ ಬುಡಕಟ್ಟಿನವರಲ್ಲೂ ಅದನ್ನು ಕಂಡರು. ಬೆಟ್ಟದ ಈಚೆ ನಮ್ಮ ಸೋಲಿಗರಲ್ಲಿ, ಹೆಗ್ಗಡದೇವನಕೋಟೆಯ ಜೇನುಕುರುಬರಲ್ಲೂ ಇದೆ.

"ನಂಗಿಲ್ಲ, ಅವ್ರಿಗೂ ಇಲ್ಲ, ಕೂಸ್ಗೆಲ್ಲಿಂದ ಬಂತಣ್ಣ?" ಅನ್ನುತ್ತಾರೆ ತಾಯಂದಿರು. ಅಪ್ಪ ಅಮ್ಮ ಇಬ್ಬರಲ್ಲೂ ಈ ಕಾಯಿಲೆಯ ಒಂದೊಂದೇ ಜೀನಿದ್ದರೆ ಅವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು ಪಾಲು. ಆ ಒಂಟಿ ಜೀನು ಮಲೇರಿಯಾದ ಸಾವಿನಿಂದ ಕಾಪಾಡಿದ್ದೂ ಉಂಟು, ಹಾಗಾಗಿ ಅದನ್ನು ಶಾಪ ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ಕುಡುಗೋಲು ಕಣ ಕಾಯಿಲೆಯ ವಿರುದ್ಧ ಕೇಂದ್ರ ಸರ್ಕಾರದ ನಿರ್ಮೂಲನಾ ಅಭಿಯಾನ ಶುರುವಾದದ್ದು 2023ರ ಜುಲೈ 1ರಂದು, ನೀಲಗಿರಿಯ ವರದಿ ಬಂದು 71 ವರ್ಷದ ಮೇಲೆ.