ಲಿಂಗತ್ವ ಶಸ್ತ್ರಚಿಕಿತ್ಸೆಗೆ ಮುನ್ನ ರೋಮ ನಿವಾರಣೆ: ನಿರ್ಧಾರ ಹೇಗೆ?

ಲಿಂಗತ್ವ ದೃಢೀಕರಣದ ಜನನಾಂಗ ಶಸ್ತ್ರಚಿಕಿತ್ಸೆಗೆ ಸಿದ್ಧರಾಗುವವರು ಬಹು ಮೊದಲೇ ಉತ್ತರಿಸಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಆ ಭಾಗದ ಕೂದಲನ್ನು ಶಾಶ್ವತವಾಗಿ ತೆಗೆಸಬೇಕೇ? ಈ ಕೆಲಸಕ್ಕೆ ಸುಮಾರು ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಮುದ್ದೇಬಿಹಾಳ ತಾಲ್ಲೂಕಿನ ನಾಲತವಾಡದಂತಹ ಊರುಗಳಿಂದ ಪ್ರತಿ ಸರದಿಗೂ ನಗರಕ್ಕೆ ಹೋಗಿಬರಬೇಕಾದವರಿಗಂತೂ ಅನಗತ್ಯ ಚಿಕಿತ್ಸೆಯೂ ಹೊರೆ, ತಪ್ಪಿಹೋದ ಚಿಕಿತ್ಸೆಯೂ ಹೊರೆ.

ಕಾರಣವೇನು?

ಯೋನಿ ರಚನೆಯ ಪ್ರಚಲಿತ ವಿಧಾನದಲ್ಲಿ ಶಿಶ್ನದ ಹಾಗೂ ವೃಷಣಚೀಲದ ಚರ್ಮವೇ ಒಳಪದರವಾಗುತ್ತದೆ. ಕೂದಲಿನ ಬೇರು ಉಳಿದಿದ್ದರೆ ಅದು ಒಳಗೇ ಬೆಳೆದು ದುರ್ವಾಸನೆ, ಸ್ರಾವ, ಸೋಂಕುಗಳಿಗೆ ಎಡೆಮಾಡಬಲ್ಲದು. ಮುಂಗೈ ಚರ್ಮದಿಂದ ಶಿಶ್ನ ರಚಿಸುವಾಗ ಮೂತ್ರನಾಳವಾಗುವ ಪಟ್ಟಿಯಲ್ಲಿ ಕೂದಲುಳಿದರೆ ಹರಳುಗಟ್ಟಿ ಮೂತ್ರಕ್ಕೆ ತಡೆಯಾಗಬಹುದು. ಶಸ್ತ್ರಚಿಕಿತ್ಸೆಯ ನಂತರ ಈ ಭಾಗಗಳನ್ನು ತಲುಪುವುದು ಅತಿ ಕಷ್ಟ.

ಎಲ್ಲರಿಗೂ ಅಗತ್ಯವೇ?

ಅಲ್ಲ. ಯೋನಿಮಾರ್ಗವಿಲ್ಲದೆ ಹೊರಭಾಗವನ್ನಷ್ಟೇ ರೂಪಿಸುವುದಾದರೆ ಸಾಮಾನ್ಯವಾಗಿ ಬೇಕಿಲ್ಲ. ಕರುಳಿನ ತುಂಡನ್ನು ಬಳಸುವ ವಿಧಾನದಲ್ಲಿ ಅಗತ್ಯ ಕಡಿಮೆ. ಸಾಂಪ್ರದಾಯಿಕ ‘ನಿರ್ವಾಣ’ಕ್ಕೆ ಒಳಗಾದವರಲ್ಲಿ ಬಳಸಬಲ್ಲ ಚರ್ಮ ಕಡಿಮೆಯಿರುವುದರಿಂದ ವೈದ್ಯರು ಬೇರೆ ಮಾರ್ಗ ಆಯ್ದುಕೊಳ್ಳಬಹುದು. ಕೆಲವು ತಜ್ಞರು ಶಸ್ತ್ರಚಿಕಿತ್ಸೆಯ ವೇಳೆಯಲ್ಲೇ ಬೇರುಗಳನ್ನು ಕೆರೆದು ಸುಡುತ್ತಾರೆ. ಆದರೆ ಎಲ್ಲ ಬೇರುಗಳೂ ಅದರಿಂದ ನಾಶವಾಗುತ್ತವೆಂಬ ಭರವಸೆಯಿಲ್ಲ. ಆದ್ದರಿಂದ ಮೊದಲು ಶಸ್ತ್ರವೈದ್ಯರನ್ನು ಕಂಡು, ಯಾವ ಚರ್ಮ ಒಳಸೇರುತ್ತದೆಂಬುದನ್ನು ರೇಖಾಚಿತ್ರದಲ್ಲಿ ಗುರುತಿಸಿ ಪಡೆಯಬೇಕು. ಚರ್ಮರೋಗ ತಜ್ಞರ ಬಳಿಗೆ ಹೋಗುವುದು ಆಮೇಲೆ.

ಲೇಸರೋ, ವಿದ್ಯುತ್ ವಿಧಾನವೋ?

ಲೇಸರ್ ಕಿರಣವು ಕೂದಲಿನ ಕಪ್ಪು ಬಣ್ಣವನ್ನು ಹಿಡಿದು ಬೇರನ್ನು ಸುಡುತ್ತದೆ. ಕಪ್ಪು ಚರ್ಮಕ್ಕೆ 1064 ನ್ಯಾನೋಮೀಟರ್ ತರಂಗಾಂತರದ ಎನ್‌ಡಿ-ಯಾಗ್ ಯಂತ್ರ ಹೆಚ್ಚು ಸುರಕ್ಷಿತ. ಬಿಳಿಗೂದಲಿಗೆ ಲೇಸರ್ ನಾಟದು. ಎಲೆಕ್ಟ್ರಾಲಿಸಿಸ್ ವಿಧಾನದಲ್ಲಿ ಒಂದೊಂದೇ ಬೇರಿಗೆ ಸೂಕ್ಷ್ಮ ಸೂಜಿಯಿಂದ ವಿದ್ಯುತ್ ಹಾಯಿಸಲಾಗುತ್ತದೆ. ಇದು ಎಲ್ಲ ಬಣ್ಣದ ಕೂದಲಿಗೂ ಸಲ್ಲುತ್ತದೆ, ಆದರೆ ನಿಧಾನ ಮತ್ತು ನೋವು ಹೆಚ್ಚು. ಮೊದಲು ಲೇಸರ್, ಉಳಿದವಕ್ಕೆ ಎಲೆಕ್ಟ್ರಾಲಿಸಿಸ್ ಎಂಬ ಕ್ರಮವೂ ರೂಢಿಯಲ್ಲಿದೆ. ಎಲ್ಲ ಕೂದಲೂ ಏಕಕಾಲಕ್ಕೆ ಬೆಳೆಯದ ಕಾರಣ ವಾರಗಳ ಅಂತರದಲ್ಲಿ ಹಲವು ಸರದಿಗಳು ಅನಿವಾರ್ಯ.

ಎಚ್ಚರಿಕೆಗಳು

ಲೇಸರ್ ಸರದಿಗಳ ನಡುವೆ ಕೂದಲನ್ನು ಕೀಳಬಾರದು, ವ್ಯಾಕ್ಸ್ ಮಾಡಬಾರದು, ಬೋಳಿಸಬಹುದು. ಗಾಯದ ಗಂಟು ಕಟ್ಟುವ ಸ್ವಭಾವ, ಸೇವಿಸುತ್ತಿರುವ ಔಷಧಿಗಳನ್ನು ವೈದ್ಯರಿಗೆ ತಿಳಿಸಬೇಕು. ಮೊದಲು ಸಣ್ಣ ಜಾಗದಲ್ಲಿ ಪರೀಕ್ಷಿಸುವಂತೆ ಕೇಳಬೇಕು. ಕೊನೆಯ ಸರದಿಯ ನಂತರ ಕೂದಲು ಮರಳುವುದೇ ಎಂದು ಕೆಲ ತಿಂಗಳು ಕಾದು, ಶಸ್ತ್ರವೈದ್ಯರು ಪರೀಕ್ಷಿಸಿದ ಮೇಲೆಯೇ ದಿನ ಗೊತ್ತುಪಡಿಸುವುದು ಕ್ಷೇಮ.

ವೆಚ್ಚ

2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆ ಕಾಯ್ದೆಯ 15ನೆಯ ಕಲಮು, ವಿಮೆಯ ವ್ಯಾಪ್ತಿಗೆ ತರಬೇಕಾದ ಚಿಕಿತ್ಸೆಗಳಲ್ಲಿ ಶಸ್ತ್ರಚಿಕಿತ್ಸೆ, ಹಾರ್ಮೋನ್‌ಗಳೊಂದಿಗೆ ಲೇಸರ್ ಚಿಕಿತ್ಸೆಯನ್ನೂ ಹೆಸರಿಸಿತು. 2022ರ ಆಗಸ್ಟ್‌ನಲ್ಲಿ ಆಯುಷ್ಮಾನ್ ಭಾರತ್ ಟಿಜಿ ಪ್ಲಸ್ ಅಡಿ ವರ್ಷಕ್ಕೆ 5 ಲಕ್ಷ ರೂಪಾಯಿಗಳ ರಕ್ಷಣೆ ಪ್ರಕಟವಾಯಿತು. ಆಯ್ದ ಆಸ್ಪತ್ರೆಯಲ್ಲಿ ರೋಮ ನಿವಾರಣೆಗೂ ಅದು ಅನ್ವಯಿಸುವುದೇ ಎಂಬುದನ್ನು ಮೊದಲ ಸರದಿಗೆ ಮುನ್ನವೇ ಲಿಖಿತವಾಗಿ ಕೇಳಿ ಪಡೆಯುವುದು ಒಳಿತು.