ಬಳ್ಳಾರಿ ಗುಡ್ಡದ ಸದ್ದು ಮಾಡೋ ಬಂಡೆಗಳು

ಇಯರ್‌ಫೋನ್ ಹಾಕ್ಕೊಂಡಿದ್ದೀರಾ? ನಾರ್ವೆಯಲ್ಲಿ ಟೆರ್ಯೆ ಇಸುಂಗ್‌ಸೆಟ್ ಅಂತ ಒಬ್ಬ ತಾಳವಾದ್ಯ ಕಲಾವಿದರಿದ್ದಾರೆ. ಕಲ್ಲು, ಮರದ ತುಂಡು, ಕೊನೆಗೆ ಮಂಜುಗಡ್ಡೆಯನ್ನೂ ವಾದ್ಯ ಮಾಡ್ಕೊಂಡು, ಜಾಝ್ ಜೊತೆ ಅಲ್ಲಿನ ಜನಪದ ಬೆರೆಸಿ, ಆ ಕ್ಷಣಕ್ಕೆ ಹೊಳೆದಂಗೆ ನುಡಿಸ್ತಾರೆ. ಯೈಲೋ ಅನ್ನೋ ಊರಲ್ಲಿ 2006ರಲ್ಲಿ ಮಂಜುಗಡ್ಡೆ ಸಂಗೀತಕ್ಕೇ ಒಂದು ಉತ್ಸವ ಶುರುವಾಯ್ತು.

ಅದನ್ನ ಕೇಳಿದಾಗೆಲ್ಲ ನನಗೆ ನೆನಪಾಗೋದು ನಮ್ಮ ಸಂಗನಕಲ್ಲು. ಪಕ್ಕದಲ್ಲೇ ಕಪ್ಪಗಲ್ಲಿನ ಹಿರೇಗುಡ್ಡ. ಗುಡ್ಡವೆಲ್ಲ ಗ್ರಾನೈಟ್, ನಡುವೆ ಕರಿಯ ಡಾಲರೈಟ್ ಕಲ್ಲಿನ ಉದ್ದ ಪಟ್ಟಿ. ನಾಲ್ಕೈದು ಸಾವಿರ ವರ್ಷದ ಹಿಂದೆ ಇಲ್ಲಿ ದನ ಸಾಕಿ ಬದುಕಿದವರು ಈ ಕರಿಕಲ್ಲಿನಿಂದ ಕೊಡಲಿ ಮಾಡ್ತಿದ್ರು, ಅದೇ ಕಲ್ಲಿನ ಮೇಲೆ ಉದ್ದ ಕೊಂಬಿನ ಗೂಳಿಗಳನ್ನ ಕುಟ್ಟಿ ಕುಟ್ಟಿ ಮೂಡಿಸಿದ್ರು. ಕೆಲವು ಚಿತ್ರ ಎಂಥಾ ಜಾಗದಲ್ಲಿವೆ ಅಂದ್ರೆ, ಅಲ್ಲಿಗೆ ಹತ್ತಿದ್ದಾದ್ರೂ ಹೇಗಪ್ಪಾ ಅನ್ಸುತ್ತೆ.

ಚಿತ್ರಗಳ ಬಗ್ಗೆ ಫಾಸೆಟ್ ಅನ್ನೋ ಬ್ರಿಟಿಷ್ ಅಧಿಕಾರಿ 1892ರಲ್ಲೇ ಬರೆದಿದ್ರು. ಆದ್ರೆ ಸದ್ದಿನ ಕಥೆ ಜಗತ್ತಿಗೆ ಮುಟ್ಟಿದ್ದು 2004ರಲ್ಲಿ, ನಿಕೋಲ್ ಬೊಯ್ವಿನ್ 'ಆಂಟಿಕ್ವಿಟಿ' ಪತ್ರಿಕೆಯಲ್ಲಿ ಬರೆದಾಗ. ಇಲ್ಲಿನ ಕೆಲವು ಬಂಡೆಗಳ ಮೇಲೆ ಹೊಡೆದು ಹೊಡೆದು ನುಣುಪಾದ ಗುಳಿಗಳಿವೆ. ಅಲ್ಲಿಗೆ ಗ್ರಾನೈಟ್ ಕಲ್ಲಿಂದ ಬಡಿದ್ರೆ ಜಾಗಟೆ ಥರ ಗಟ್ಟಿ ನಾದ! ಹಂಪಿ ವಿಠ್ಠಲ ದೇವಸ್ಥಾನದ ಸಂಗೀತ ಕಂಬಗಳಿಗೆ ಎಷ್ಟು ರೀಲ್ಸ್ ಇವೆ ಗೊತ್ತಲ್ಲ. ಇವು ಅದಕ್ಕಿಂತ ಸಾವಿರಾರು ವರ್ಷ ಹಳೇವು, ಉಳಿ ಮುಟ್ಟಿಸಿ ಶ್ರುತಿ ಮಾಡಿದ್ದೂ ಅಲ್ಲ.

ಇದನ್ನ ಸಂಗೀತ ಅನ್ನಬಹುದಾ? ಯಾವ ತಾಳ, ಯಾವ ಹಾಡು ಅನ್ನೋದು ಕಲ್ಲಲ್ಲಿ ಉಳಿಯಲ್ಲ. ಆಚರಣೆಗೆ ಬಾರಿಸಿರಬಹುದು ಅಂತ ಬೊಯ್ವಿನ್ ಊಹೆ. ನಂಗೂ ಹಾಗೇ ಅನ್ಸುತ್ತೆ. ಸುಮ್ನೆ ಟೈಂಪಾಸ್‌ಗೆ ಕುಟ್ಟಿದ್ರೆ ಗುಳಿ ಅಷ್ಟು ನುಣುಪಾಗಲ್ಲ.

ಅದೇ ವರದಿ ಬಂದಾಗಲೇ ಗುಡ್ಡದಲ್ಲಿ ಕಲ್ಲು ಗಣಿಗಾರಿಕೆಯ ಭಯ ಇತ್ತು. ಕಾಮರ್ಸ್ ಓದಿದ ತಲೆ ನಂದು, ಲೆಕ್ಕ ಬಿಡಲ್ಲ: ಜಲ್ಲಿಗೆ ಲೋಡಿಗಿಷ್ಟು ಅಂತ ರೇಟ್ ಇದೆ, ನಾದಕ್ಕೆ ಯಾವ ಕಾಲಂ? ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಮ್ಯೂಸಿಯಂ ಇದೆ. ಕೊಡಲಿ, ಮಡಕೆ ಅಲ್ಲಿಗೆ ತಂದಿಡಬಹುದು, ಈ ಬಂಡೆಗಳನ್ನ ಆಗಲ್ಲ. ಕೆಳಗೆ ಒಂದೆರಡು ಕಡೆ ಮಾತ್ರ ತಾಗಿ, ಉಳಿದ ಮೈ ಗಾಳಿಯಲ್ಲಿ ನಿಂತಿರೋದಕ್ಕೇ ಅವು ಕಂಪಿಸಿ ಸದ್ದು ಮಾಡೋದು. ಪಕ್ಕದ ಸ್ಫೋಟಕ್ಕೆ ಒಂದು ಬಂಡೆ ಸರಿದು ಮಣ್ಣಿಗೆ ಕೂತ್ರೂ ಸಾಕು, ಒಡೆಯೋದೇ ಬೇಡ, ಅದು ಮೂಕಾಗುತ್ತೆ.